ಎಲ್ಲರ ಕಣ್ಣೆದುರು ಮಾಡುವ ಸಹಾಯ ನಿಸ್ವಾರ್ಥವಾ? ಮನೆಯಿಲ್ಲದವರಿಗೆ ನೆರವಾಗುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೀದಿ ಬದಿ ಮಲಗಿರುವ ಒಬ್ಬರಿಗೆ ಯಾರೋ ಹೊದಿಕೆ ಹೊದಿಸುವ ವಿಡಿಯೋ ಬರುತ್ತದೆ. ಅರ್ಧ ಜನ ಕಣ್ಣೀರು ಹಾಕುತ್ತಾರೆ, ಇನ್ನರ್ಧ ಜನ "ಎಲ್ಲಾ ವ್ಯೂಸ್‌ಗೋಸ್ಕರ" ಅಂತ ಉಗಿಯುತ್ತಾರೆ. ನಾನು ಕೆಲವು ವರ್ಷ ರಾತ್ರಿ ಹೊತ್ತು ಹೊದಿಕೆ ಹಂಚುವ ಒಂದು ಸಣ್ಣ ಗುಂಪಿನ ಜೊತೆ ಓಡಾಡಿದ್ದೇನೆ. ಗುಂಪಿಗೆ ಹೊಸದಾಗಿ ಬಂದವರು, ಬೇಸತ್ತು ಬಿಟ್ಟವರು, ದೂರದಿಂದ ನೋಡುವವರು, ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ.

ನೇರವಾಗಿ ಹೇಳಿ. ನಾಲ್ಕು ಜನರ ಮುಂದೆ ಮಾಡುವ ಸಹಾಯ ನಿಸ್ವಾರ್ಥವಾ?

ಪೂರ್ತಿ ನಿಸ್ವಾರ್ಥ ಆಗಿರುವುದು ಅಪರೂಪ. ಪೂರ್ತಿ ಸ್ವಾರ್ಥ ಆಗಿರುವುದೂ ಅಪರೂಪವೇ. ಹೊದಿಕೆ ಚಾಚುವ ಕೈಯಲ್ಲಿ ಮರುಕ ಇರುತ್ತದೆ, "ನನಗೆ ಮನೆ ಇದೆ, ಇವರಿಗಿಲ್ಲ" ಅನ್ನುವ ಚುಚ್ಚು ಇರುತ್ತದೆ, ಪಕ್ಕದವರು ನೋಡಲಿ ಅನ್ನುವ ಆಸೆಯೂ ಮೂಲೆಯಲ್ಲಿ ಕೂತಿರುತ್ತದೆ. ಇವನ್ನು ಬೇರೆ ಮಾಡಿ ತೂಗುವ ತಕ್ಕಡಿ ಯಾರ ಹತ್ತಿರವೂ ಇಲ್ಲ, ಕೊಡುವವರ ಹತ್ತಿರವೂ ಇಲ್ಲ. ಹಾಗಾಗಿ ನಾನು ಈಗ ಬೇರೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಕೊಡುವ ನೆಪದಲ್ಲಿ ಆ ಮನುಷ್ಯನಿಂದ ನಾನು ಏನು ತೆಗೆದುಕೊಂಡೆ? ಇದಕ್ಕೆ ಉತ್ತರ ಹುಡುಕಲು ಯಾರ ಮನಸ್ಸಿನೊಳಗೂ ಇಣುಕಬೇಕಾಗಿಲ್ಲ, ಕಣ್ಣಿಗೇ ಕಾಣುತ್ತದೆ.

ಕೊಟ್ಟಾಗ ನಮಗೆ ಖುಷಿ ಆಗುತ್ತದಲ್ಲ. ಅಂದಮೇಲೆ ನಿಸ್ವಾರ್ಥ ಅನ್ನುವುದೇ ಸುಳ್ಳು ತಾನೆ?

ಇದು ಹಳೆಯ ವಾದ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್ ಬಗ್ಗೆ ಅವರ ಗೆಳೆಯ ಜಾನ್ ಆಬ್ರಿ ಬರೆದಿಟ್ಟ ಒಂದು ಘಟನೆ ಇದೆ. ಲಂಡನ್ನಿನ ಬೀದಿಯಲ್ಲಿ ಒಬ್ಬ ಕಾಯಿಲೆಯ ಮುದುಕ ಭಿಕ್ಷೆ ಕೇಳುತ್ತಾನೆ, ಹಾಬ್ಸ್ ಕೊಡುತ್ತಾರೆ. ಪಕ್ಕದಲ್ಲಿದ್ದ ಪಾದ್ರಿ ಕೇಳುತ್ತಾರೆ, ಯೇಸು ಹೇಳಿರದಿದ್ದರೂ ಕೊಡುತ್ತಿದ್ದಿರಾ ಅಂತ. ಹೌದು ಅನ್ನುತ್ತಾರೆ ಹಾಬ್ಸ್. ಮುದುಕನ ಅವಸ್ಥೆ ನೋಡಿ ನನಗೆ ನೋವಾಗುತ್ತಿತ್ತು, ಕೊಟ್ಟಿದ್ದರಿಂದ ಅವನಿಗೂ ಸ್ವಲ್ಪ ಆರಾಮಾಯಿತು, ನನಗೂ ಆಯಿತು ಅನ್ನುವುದು ಅವರು ಕೊಟ್ಟ ಕಾರಣ.

ಇದನ್ನು ಹಿಡಿದುಕೊಂಡು "ನೋಡಿ, ಅವರೂ ತಮ್ಮ ನೋವು ಕಳೆದುಕೊಳ್ಳಲು ಕೊಟ್ಟರು" ಅನ್ನುವವರಿದ್ದಾರೆ. ಆದರೆ ಒಂದು ಕ್ಷಣ ಯೋಚಿಸಿ. ಮುದುಕನ ಸ್ಥಿತಿ ನೋಡಿ ನೋವಾಗಿದ್ದು ಯಾಕೆ? ಅವನ ಕಷ್ಟ ಇವರಿಗೆ ಮುಟ್ಟಿತು, ಅದಕ್ಕೇ. ಸ್ವಾರ್ಥಿಗೆ ಆ ನೋವೇ ಆಗುವುದಿಲ್ಲ. ನೋವಾದರೂ ಮುಖ ತಿರುಗಿಸಿ ಆಚೆ ಬದಿಗೆ ದಾಟಿದರೆ ಮುಗಿಯಿತು, ಕಾಸೂ ಖರ್ಚಿಲ್ಲ.

ಈ "ಆಚೆ ಬದಿಗೆ ದಾಟುವ" ವಿಷಯವನ್ನೇ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಬ್ಯಾಟ್ಸನ್ 1981ರಲ್ಲಿ ಪರೀಕ್ಷೆ ಮಾಡಿ ನೋಡಿದರು. ಎಲೇನ್ ಅನ್ನುವ ಹುಡುಗಿಗೆ ಕರೆಂಟ್ ಶಾಕ್ ಕೊಡುತ್ತಿರುವಂತೆ ತೋರಿಸುತ್ತಾರೆ (ನಿಜವಾಗಿ ಕೊಡುತ್ತಿರಲಿಲ್ಲ). ಅವಳ ಬದಲು ಉಳಿದ ಶಾಕ್ ನೀವು ತಗೊಳ್ಳುತ್ತೀರಾ ಅಂತ ನೋಡುತ್ತಿರುವವರನ್ನು ಕೇಳುತ್ತಾರೆ. ಕೆಲವರಿಗೆ ಎದ್ದು ಹೋಗಲು ಸುಲಭದ ದಾರಿ ಕೊಟ್ಟಿದ್ದರು, ಕೆಲವರು ಕೊನೆವರೆಗೂ ಕೂತು ನೋಡಲೇಬೇಕಿತ್ತು. ತಮ್ಮ ಸಂಕಟ ಕಳೆದರೆ ಸಾಕು ಅನ್ನುವವರಾಗಿದ್ದರೆ ಬಾಗಿಲು ತೆರೆದಿದ್ದಾಗ ಹೊರಟು ಹೋಗಬೇಕಿತ್ತು ಅಲ್ವಾ? ಎಲೇನ್ ಬಗ್ಗೆ ನಿಜವಾಗಿ ಮರುಗಿದವರಲ್ಲಿ ಹೆಚ್ಚಿನವರು ಹೋಗಲಿಲ್ಲ, ಶಾಕ್ ನಮಗೇ ಕೊಡಿ ಅಂದರು. ಇದಕ್ಕೆ ಎದುರುವಾದ ಹೂಡಿದವರಿದ್ದಾರೆ, ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಅವರಲ್ಲೊಬ್ಬರು, ಚರ್ಚೆ ದಶಕಗಳಿಂದ ನಡೆದೇ ಇದೆ. ಆದರೆ "ಎಲ್ಲರೂ ಯಾವಾಗಲೂ ತಮಗೋಸ್ಕರವೇ ಮಾಡುತ್ತಾರೆ" ಅಂತ ಸಲೀಸಾಗಿ ಹೇಳಿಬಿಡಲು ಈ ಪ್ರಯೋಗದ ನಂತರ ಆಗುವುದಿಲ್ಲ.

ಆದರೂ ಆ ಖುಷಿ ಒಂದು ಲಾಭವೇ ಅಲ್ವಾ?

ಲಾಭವೇ. ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ. ಅರ್ಥಶಾಸ್ತ್ರಜ್ಞ ಜೇಮ್ಸ್ ಆಂಡ್ರಿಯೋನಿ 1990ರ ಹೊತ್ತಿಗೆ ಇದಕ್ಕೊಂದು ಹೆಸರನ್ನೇ ಕೊಟ್ಟರು, ಕೊಟ್ಟಾಗ ಎದೆಯಲ್ಲಿ ಹುಟ್ಟುವ ಬೆಚ್ಚಗಿನ ಹಿತ ಅನ್ನುವ ಅರ್ಥದಲ್ಲಿ. 2007ರಲ್ಲಿ ಅಮೆರಿಕದಲ್ಲಿ ಮೆದುಳಿನ ಸ್ಕ್ಯಾನ್ ಮಾಡುತ್ತಾ ನಡೆಸಿದ ಒಂದು ಪ್ರಯೋಗ ಇನ್ನೂ ಚೆಂದ: ಬಡವರಿಗೆ ಊಟ ಒದಗಿಸುವ ಸಂಸ್ಥೆಗೆ ತಮ್ಮ ದುಡ್ಡು ತೆರಿಗೆಯ ಹಾಗೆ ಕಡ್ಡಾಯವಾಗಿ ಹೋದಾಗಲೂ ಮೆದುಳಿನಲ್ಲಿ ಸಂತೋಷಕ್ಕೆ ಸಂಬಂಧಿಸಿದ ಭಾಗಗಳು ಚುರುಕಾದವು, ಸ್ವಂತ ಇಚ್ಛೆಯಿಂದ ಕೊಟ್ಟಾಗ ಇನ್ನೂ ಜಾಸ್ತಿ. ಅಂದರೆ ನಾನು ಕೊಟ್ಟೆ ಅನ್ನುವುದಕ್ಕೆ ಒಂದು ಖುಷಿ, ಅವರಿಗೆ ಸಿಕ್ಕಿತಲ್ಲ ಅನ್ನುವುದಕ್ಕೆ ಇನ್ನೊಂದು. ಎರಡನೆಯದನ್ನು ಸ್ವಾರ್ಥ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ. ಮಗು ಹೊಟ್ಟೆ ತುಂಬಾ ಉಂಡಿದ್ದು ನೋಡಿ ತಾಯಿಗೆ ಸಮಾಧಾನ ಆದರೆ ಅದನ್ನು ಸ್ವಾರ್ಥ ಅನ್ನುತ್ತೇವಾ?

ಹೆಸರಿಗೋಸ್ಕರ ಮಾಡಿದರೂ ಹೊದಿಕೆ ಹೊದಿಕೆಯೇ. ಸುಮ್ನೆ ಕೂತವರಿಗಿಂತ ವಾಸಿ ಅಲ್ವಾ?

ವಾಸಿ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ, ಯಾಕೆಂದರೆ ಚಳಿಯಲ್ಲಿ ನಡುಗುವವರಿಗೆ ಕೊಟ್ಟವರ ಮನಸ್ಸಿನ ವಿವರ ಬೇಕಾಗಿರುವುದಿಲ್ಲ.

ನಾವು ಈ ವಿಷಯದಲ್ಲಿ ಎಷ್ಟು ವಿಚಿತ್ರವಾಗಿ ತೀರ್ಪು ಕೊಡುತ್ತೇವೆ ಅನ್ನುವುದನ್ನು ಯೇಲ್ ವಿಶ್ವವಿದ್ಯಾಲಯದ ಜಾರ್ಜ್ ನ್ಯೂಮನ್ ಮತ್ತು ಡೇಲಿಯನ್ ಕೇನ್ 2014ರಲ್ಲಿ ತೋರಿಸಿಕೊಟ್ಟರು. ಒಬ್ಬ ಹುಡುಗನಿಗೆ ಒಬ್ಬಳ ಮೇಲೆ ಮನಸ್ಸು. ಅವಳ ಹತ್ತಿರ ಇರಬೇಕು ಅಂತ ಅವಳು ಕೆಲಸ ಮಾಡುವ ಕಡೆ ತಾನೂ ಹೋಗುತ್ತಾನೆ. ಕೆಲವರಿಗೆ ಹೇಳಿದ ಕತೆಯಲ್ಲಿ ಅದು ಕಾಫಿ ಅಂಗಡಿ, ಇನ್ನು ಕೆಲವರಿಗೆ ಹೇಳಿದ್ದರಲ್ಲಿ ಮನೆಯಿಲ್ಲದವರು ತಂಗುವ ಕೇಂದ್ರ. ಓದಿದವರು ತಂಗುವ ಕೇಂದ್ರಕ್ಕೆ ಹೋದವನನ್ನೇ ಕೀಳಾಗಿ ಕಂಡರು! ಅವನಿಂದ ನಾಲ್ಕು ಜನಕ್ಕೆ ಉಪಕಾರವಾದರೂ ಸರಿ. "ಅವನು ಬೇಕಿದ್ದರೆ ಕಾಫಿ ಅಂಗಡಿಗೂ ಹೋಗಬಹುದಿತ್ತು" ಅಂತ ನೆನಪಿಸಿದಾಗ ಮಾತ್ರ ಆ ಸಿಟ್ಟು ಇಳಿಯಿತು. ಅಂದರೆ ಒಳ್ಳೆಯ ಕೆಲಸದಲ್ಲಿ ಒಂದು ಹನಿ ಸ್ವಾರ್ಥ ಕಂಡರೆ ನಮಗೆ ಸಹಿಸಲು ಆಗುವುದಿಲ್ಲ, ಬರೀ ಸ್ವಾರ್ಥದ ಕೆಲಸವನ್ನು ಮಾತ್ರ ಆರಾಮಾಗಿ ಒಪ್ಪಿಕೊಳ್ಳುತ್ತೇವೆ. ವಿಡಿಯೋ ಕೆಳಗೆ ಉಗಿಯುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ. ಆ ವಿಡಿಯೋ ಮಾಡಿದ ಹುಡುಗ ಅದೇ ದುಡ್ಡಿನಲ್ಲಿ ತನಗೆ ಹೊಸ ಶೂ ತಗೊಂಡು ವಿಡಿಯೋ ಹಾಕಿದ್ದರೆ ನಾವು ಯಾರೂ ಬಾಯಿ ತೆರೆಯುತ್ತಿರಲಿಲ್ಲ.

ಆದರೆ "ವಾಸಿ" ಅಂದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ. ಹೊದಿಕೆ ಕೊಟ್ಟು ಇನ್ನೇನನ್ನೋ ಕಿತ್ತುಕೊಂಡಿದ್ದರೆ?

ಕಿತ್ತುಕೊಳ್ಳುವುದು ಅಂದರೆ ಏನು? ಫೋಟೋ ತೆಗೆದರೆ ಅವರಿಗೇನು ನಷ್ಟ?

2012ರ ನವೆಂಬರ್, ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್ ಹತ್ತಿರ, ಚಳಿಯ ರಾತ್ರಿ. ಬರಿಗಾಲಲ್ಲಿ ಕೂತಿದ್ದ ಒಬ್ಬ ಮನುಷ್ಯನನ್ನು ನೋಡಿ ಒಬ್ಬ ಯುವ ಪೊಲೀಸ್ ಹತ್ತಿರದ ಅಂಗಡಿಗೆ ಹೋಗಿ, ತನ್ನ ದುಡ್ಡಿನಲ್ಲಿ ಬೂಟು, ಕಾಲುಚೀಲ ತಂದು, ನೆಲಕ್ಕೆ ಕೂತು ಹಾಕಿಸುತ್ತಾನೆ. ಯಾರೋ ಪ್ರವಾಸಿ ಅದನ್ನು ಫೋಟೋ ತೆಗೆಯುತ್ತಾರೆ, ಪೊಲೀಸನಿಗೆ ಅದು ಗೊತ್ತೇ ಇಲ್ಲ. ನನ್ನ ಮಟ್ಟಿಗೆ ಇದು ಎಷ್ಟು ಸಾಧ್ಯವೋ ಅಷ್ಟು ನಿಸ್ವಾರ್ಥದ ಕೆಲಸ. ಫೋಟೋವನ್ನು ಪೊಲೀಸ್ ಇಲಾಖೆ ಫೇಸ್‌ಬುಕ್ಕಿಗೆ ಹಾಕಿತು, ಲಕ್ಷಾಂತರ ಜನ ಮೆಚ್ಚಿದರು.

ಕೆಲವು ದಿನದ ಮೇಲೆ ಪತ್ರಕರ್ತರು ಹುಡುಕಿಕೊಂಡು ಹೋದರೆ ಆ ಮನುಷ್ಯ ಮತ್ತೆ ಬರಿಗಾಲಲ್ಲೇ ಇದ್ದ. ಬೂಟು ಎಲ್ಲಿ ಅಂದರೆ ಬಚ್ಚಿಟ್ಟಿದ್ದೇನೆ ಅಂದ. ಅವು ಬೆಲೆಬಾಳುವ ಬೂಟು, ಹಾಕಿಕೊಂಡರೆ ನನ್ನ ಪ್ರಾಣಕ್ಕೇ ಸಂಚಕಾರ ಅಂದ. ಕೊಟ್ಟವನಿಗೆ ಕೃತಜ್ಞತೆ ಹೇಳಿದ, ಆದರೆ ನನ್ನನ್ನು ಕೇಳದೆ ಫೋಟೋ ಇಂಟರ್ನೆಟ್ಟಿಗೆ ಹಾಕಿದರು, ಅದರಲ್ಲಿ ನನಗೇನು ಪಾಲು ಅಂತಲೂ ಕೇಳಿದ. ಆಮೇಲೆ ಅವನ ಹೆಸರು, ಕುಟುಂಬ, ಹಿಂದಿನ ಬದುಕು ಎಲ್ಲ ಪತ್ರಿಕೆಗೆ ಬಂತು. ಅವನ ಹೆಸರಲ್ಲಿ ಒಂದು ಮನೆ ಇದೆ ಅಂತ ಅಧಿಕಾರಿಗಳು ಹೇಳಿದ್ದೇ ತಡ, ಅವನಿಗಾಗಿ ಮರುಗಿದ್ದ ಜನರಲ್ಲೇ ಎಷ್ಟೋ ಮಂದಿ ಮೋಸಗಾರ ಅನ್ನಲು ಶುರು ಮಾಡಿದರು. ಬೂಟು ಕೊಡಿಸಿ ಅಂತಲೋ, ಫೋಟೋ ತೆಗೆಯಿರಿ ಅಂತಲೋ ಅವನು ಕೇಳಿರಲಿಲ್ಲ.

ಕೊಟ್ಟವನ ಮನಸ್ಸು ಶುದ್ಧ. ಆದರೂ ಪಡೆದವನು ಒಂದೇ ಒಂದು ಫೋಟೋದಿಂದ ತನ್ನ ಮುಖ, ಹೆಸರು, ಅಜ್ಞಾತವಾಗಿ ಇರುವ ಹಕ್ಕು ಎಲ್ಲ ಕಳೆದುಕೊಂಡ. ಇದಕ್ಕೇ ನಾನು ಕೊಡುವವರ ಉದ್ದೇಶವನ್ನು ಒಂದೇ ಅಳತೆಗೋಲು ಮಾಡಿಕೊಳ್ಳಬೇಡಿ ಅನ್ನುವುದು.

ಇನ್ನೊಂದು ನನ್ನದೇ. ನಮ್ಮ ಗುಂಪಿನವರು ದುಡ್ಡು ಕೊಟ್ಟವರಿಗೆ ಕಳಿಸಲು ಫೋಟೋ ತೆಗೆಯುತ್ತಿದ್ದರು, ಆ ರಾತ್ರಿ ಫೋನ್ ನನ್ನ ಕೈಯಲ್ಲಿತ್ತು. ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬರು ಅಜ್ಜ ಮಲಗಿದ್ದರು. ಹೊದಿಕೆ ಕೊಟ್ಟೆವು. ನಾನು ಫೋನಿನ ಲೈಟ್ ಹಾಕಿ "ಅಜ್ಜಾ, ಸ್ವಲ್ಪ ಈ ಕಡೆ ನೋಡಿ" ಅಂದೆ. ಅವರು ಎದ್ದು ಕೂತು, ತಲೆಗೂದಲನ್ನು ಕೈಯಿಂದ ಸರಿಮಾಡಿಕೊಂಡು, ಹೊದಿಕೆಯನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿದರು. ಹಾಗೆ ಹಿಡಿಯಿರಿ ಅಂತ ನಾನು ಹೇಳಿರಲಿಲ್ಲ. ಬೆಳಕಿಗೆ ಕಣ್ಣು ನೀರಾಡುತ್ತಿತ್ತು, ಆದರೂ ಮುಚ್ಚಲಿಲ್ಲ. ಲೈಟ್ ಆರಿದ ಮೇಲೆ ಕೇಳಿದರು, "ಆಯ್ತಾ?"

ಕೂಲಿ ಕೆಲಸ ಮುಗಿಸಿದವರು ಮೇಸ್ತ್ರಿಯನ್ನು ಕೇಳುವ ಹಾಗೆ. ನಾವು ಕೊಟ್ಟೆವು ಅಂದುಕೊಂಡಿದ್ದೆವು, ಅವರು ದುಡಿದು ತಗೊಂಡಿದ್ದರು.

ನಾವು ಕೇಳಿಯೇ ವಿಡಿಯೋ ಮಾಡುತ್ತೇವೆ, ಅವರೂ ಹೂಂ ಅನ್ನುತ್ತಾರೆ. ಸಾಕಲ್ವಾ?

ಯಾವಾಗ ಕೇಳಿದಿರಿ? ಹೊದಿಕೆ ಇನ್ನೂ ನಿಮ್ಮ ಕೈಯಲ್ಲಿರುವಾಗ ಕೇಳಿದರೆ ಅವರಿಗೆ ಬೇಡ ಅನ್ನುವ ದಾರಿ ಎಲ್ಲಿದೆ? ಮೊದಲು ಕೊಟ್ಟುಬಿಡಿ. ಬೇಡ ಅಂದರೂ ಕೊಟ್ಟಿದ್ದು ನಿಮ್ಮದೇ ಅಂತ ಬಾಯಿಬಿಟ್ಟು ಹೇಳಿ. ಆಮೇಲೆ, ಅದೂ ಇನ್ನೊಂದು ದಿನ, ಅವರು ನಿದ್ದೆಯಿಂದ ಎದ್ದಿರುವಾಗ, ಈ ವಿಡಿಯೋ ಎಲ್ಲಿಗೆ ಹೋಗುತ್ತದೆ, ಯಾರು ಯಾರು ನೋಡುತ್ತಾರೆ ಅಂತ ತಿಳಿಸಿ ಕೇಳಿ. ಕುಡಿದ ಅಮಲಿನಲ್ಲಿರುವವರನ್ನು, ಮನಸ್ಸಿನ ಕಾಯಿಲೆಯಿಂದ ಗೊಂದಲದಲ್ಲಿರುವವರನ್ನು, ಮಕ್ಕಳನ್ನು ಕೇಳಲೇಬೇಡಿ, ಅವರ ಹೂಂ ಹೂಂ ಅಲ್ಲ.

ಒಂದು ವಿಷಯ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಬೀದಿಯಲ್ಲಿರುವ ಹೆಂಗಸರಲ್ಲಿ ಹೊಡೆತ ಬಡಿತ ತಾಳಲಾರದೆ ಮನೆಬಿಟ್ಟು ಬಂದವರಿರುತ್ತಾರೆ. ಮುಖ ಕಾಣುತ್ತಿದೆ, ಹಿಂದೆ ಅಂಗಡಿಯ ಬೋರ್ಡೂ ಕಾಣುತ್ತಿದೆ ಅಂದರೆ ಯಾರಿಂದ ತಪ್ಪಿಸಿಕೊಂಡು ಬಂದರೋ ಅವರಿಗೆ ನೀವು ವಿಳಾಸ ಕೊಟ್ಟ ಹಾಗೆ. ಇನ್ನು ಕೆಲವರು ಊರಲ್ಲಿರುವ ಮಕ್ಕಳಿಗೆ "ಕೆಲಸದಲ್ಲಿದ್ದೇನೆ, ಚೆನ್ನಾಗಿದ್ದೇನೆ" ಅಂತ ಹೇಳಿಕೊಂಡಿರುತ್ತಾರೆ. ಆ ಸುಳ್ಳು ಅವರ ಕೊನೆಯ ಮರ್ಯಾದೆ. ನಾಳೆ ಅವರು ಬಾಡಿಗೆ ರೂಮು ಕೇಳಲು ಹೋದಾಗ, ಕೆಲಸ ಕೇಳಲು ಹೋದಾಗ ಆ ವಿಡಿಯೋ ಅವರಿಗಿಂತ ಮುಂಚೆ ಅಲ್ಲಿಗೆ ತಲುಪಿರಬಹುದು.

ಮನೆ ಇರುವವರಿಗೇ ಇದು ತಡೆಯಲಾಗದು. 2022ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಒಬ್ಬ ಹುಡುಗ ಒಂಟಿಯಾಗಿ ಕೂತಿದ್ದ ಹೆಂಗಸಿಗೆ ಹೂಗುಚ್ಛ ಕೊಟ್ಟು ಟಿಕ್‌ಟಾಕ್‌ನಲ್ಲಿ ಹಾಕಿದ. 5 ಕೋಟಿಗೂ ಜಾಸ್ತಿ ಸಲ ನೋಡಿದರು, ಪಾಪದ ಮುದುಕಿ ಅಂತ ಮರುಗಿದರು. ಆಕೆ ಆಮೇಲೆ ಅಲ್ಲಿನ ಎಬಿಸಿ ರೇಡಿಯೋಗೆ ಹೇಳಿದ್ದು, ನನ್ನನ್ನು ಮನುಷ್ಯಳೇ ಅಲ್ಲ ಅನ್ನುವ ಹಾಗೆ ಬಳಸಿಕೊಂಡರು ಅಂತ. ಆಕೆಗೆ ರೇಡಿಯೋದವರೆಗೆ ಹೋಗಿ ಮಾತಾಡುವ ಶಕ್ತಿ ಇತ್ತು. ಮೆಟ್ಟಿಲ ಮೇಲೆ ಮಲಗಿದವರ ಕಡೆಯಿಂದ ಯಾರು ಮಾತಾಡುತ್ತಾರೆ?

ಆದರೆ ನೋಡಿದವರು ಕಲಿಯುತ್ತಾರಲ್ಲ? ತೋರಿಸದಿದ್ದರೆ ಇನ್ನೊಬ್ಬರು ಹೇಗೆ ಮುಂದೆ ಬರುತ್ತಾರೆ?

ಈ ವಾದದಲ್ಲಿ ಹುರುಳಿದೆ. ನಾನು ಆ ಗುಂಪಿಗೆ ಸೇರಿದ್ದೇ ಯಾರೋ ಹಾಕಿದ ಫೋಟೋ ನೋಡಿ. ಕುರಾನಿನ 2ನೇ ಅಧ್ಯಾಯದಲ್ಲಿ ದಾನವನ್ನು ಬಹಿರಂಗವಾಗಿ ಕೊಟ್ಟರೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ಮುಟ್ಟಿಸಿದರೆ ಇನ್ನೂ ಒಳ್ಳೆಯದು ಅನ್ನುವ ಅರ್ಥದ ಮಾತಿದೆ. ಎರಡಕ್ಕೂ ಜಾಗ ಕೊಟ್ಟಿರುವುದು ನನಗೆ ಹಿಡಿಸುತ್ತದೆ.

ಹಾಗಾಗಿ ತೋರಿಸಿ, ಧಾರಾಳವಾಗಿ ತೋರಿಸಿ. ಆದರೆ ನಿಮ್ಮನ್ನು ತೋರಿಸಿ. ಹೊದಿಕೆಗಳನ್ನು ಮಡಚುತ್ತಿರುವ ನಿಮ್ಮ ಕೈ, ತುಂಬಿದ ಗಾಡಿ, ಎಷ್ಟು ಬಂತು ಎಷ್ಟು ಹೋಯಿತು ಅನ್ನುವ ಲೆಕ್ಕ, ಮುಂದಿನ ವಾರ ಎಷ್ಟು ಹೊತ್ತಿಗೆ ಎಲ್ಲಿ ಸೇರುತ್ತೀರಿ ಅನ್ನುವುದು. ಜನ ಕಲಿಯುವುದಕ್ಕೆ ಇಷ್ಟು ಸಾಕು. ಅವರ ಮುಖ ಇಲ್ಲದಿದ್ದರೆ ವಿಡಿಯೋ ಓಡುವುದಿಲ್ಲ ಅಂತ ನಿಮಗೆ ಅನಿಸಿದರೆ, ಆ ವಿಡಿಯೋದಲ್ಲಿ ಮಾರಾಟಕ್ಕಿರುವುದು ಏನು ಅಂತ ಅಲ್ಲೇ ಗೊತ್ತಾಗುತ್ತದೆ.

ಪ್ರಾಂಕ್ ವಿಡಿಯೋ, "ಪ್ರಾಮಾಣಿಕತೆ ಪರೀಕ್ಷೆ" ವಿಡಿಯೋಗಳು?

ಬೇಡವೇ ಬೇಡ. 2017ರಲ್ಲಿ ಬಾರ್ಸಿಲೋನಾದಲ್ಲಿ ಒಬ್ಬ ಯೂಟ್ಯೂಬರ್ ಬಿಸ್ಕತ್ತಿನ ಒಳಗಿನ ಕ್ರೀಮ್ ತೆಗೆದು ಟೂತ್‌ಪೇಸ್ಟ್ ತುಂಬಿ ಬೀದಿಯಲ್ಲಿದ್ದ ಮನುಷ್ಯನಿಗೆ ಕೊಟ್ಟ, ಜೊತೆಗೆ ಒಂದು ನೋಟನ್ನೂ ಕೊಟ್ಟ. ಆ ಮನುಷ್ಯ ತಿಂದು ವಾಂತಿ ಮಾಡಿಕೊಂಡ. 2019ರಲ್ಲಿ ನ್ಯಾಯಾಲಯ ಆ ಯೂಟ್ಯೂಬರ್‌ಗೆ 15 ತಿಂಗಳ ಶಿಕ್ಷೆ, 20,000 ಯೂರೋ ಪರಿಹಾರ ವಿಧಿಸಿತು. ಪರ್ಸ್ ಬೀಳಿಸಿ ವಾಪಸ್ ಕೊಡುತ್ತಾರಾ ಅಂತ ಕದ್ದು ನೋಡುವುದು ಇಷ್ಟು ಕ್ರೂರ ಅಲ್ಲದಿದ್ದರೂ ಅದೇ ದಾರಿ. ನಮ್ಮನ್ನು ಯಾರೂ ಹಾಗೆ ಪರೀಕ್ಷೆ ಮಾಡಿ ಆಮೇಲೆ ಹೊದಿಕೆ ಕೊಡುವುದಿಲ್ಲ.

ಹಾಗಾದರೆ ಗುಟ್ಟಾಗಿ ಕೊಟ್ಟರೆ ಶುದ್ಧ ಅಂತಾನಾ?

ಬಲಗೈಯಲ್ಲಿ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅನ್ನುತ್ತಾರೆ. ಬೈಬಲ್ಲಿನಲ್ಲೂ ಇದೇ ಮಾತಿದೆ. ಭಗವದ್ಗೀತೆಯ 17ನೇ ಅಧ್ಯಾಯದಲ್ಲಿ ಪ್ರತಿಯಾಗಿ ಏನೂ ಮಾಡಲಾಗದವರಿಗೆ, ಕೊಡಬೇಕಾದ್ದು ಅಂತ ಕೊಡುವುದನ್ನು ಸಾತ್ವಿಕ ದಾನ ಅನ್ನುತ್ತದೆ, ಫಲ ನೋಡಿಕೊಂಡು ಮನಸ್ಸಿಲ್ಲದೆ ಕೊಡುವುದನ್ನು ರಾಜಸ ಅನ್ನುತ್ತದೆ, ತಿರಸ್ಕಾರ ಮಾಡಿ ಅವಮಾನಿಸಿ ಕೊಡುವುದನ್ನು ತಾಮಸ ಅನ್ನುತ್ತದೆ. ಕೊನೆಯದನ್ನು ಗಮನಿಸಿ, ಅಲ್ಲಿ ಪ್ರಶ್ನೆ ಕೊಡುವವರ ಒಳಮನಸ್ಸಿನದಷ್ಟೇ ಆಗಿ ಉಳಿಯುವುದಿಲ್ಲ, ಪಡೆಯುವವರಿಗೆ ಏನಾಯಿತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ದಾನಕ್ಕೆ 8 ಮೆಟ್ಟಿಲು ಹೇಳಿದರು. ಕೊಟ್ಟವರು ಯಾರು, ಪಡೆದವರು ಯಾರು ಅಂತ ಇಬ್ಬರಿಗೂ ಗೊತ್ತಿಲ್ಲದ ಹಾಗೆ ಕೊಡುವುದು ಬಹಳ ಮೇಲಿನದು, ಆದರೆ ಅದು ಎರಡನೆಯದು. ಎಲ್ಲಕ್ಕಿಂತ ಮೇಲಿರುವುದು ಒಬ್ಬರಿಗೆ ಸಾಲವೋ, ಕೆಲಸವೋ, ಪಾಲುದಾರಿಕೆಯೋ ಕೊಟ್ಟು ಮುಂದೆ ಯಾರ ಮುಂದೆಯೂ ಕೈಚಾಚದ ಹಾಗೆ ಮಾಡುವುದು. ಅಂಥ ಕೆಲಸ ಗುಟ್ಟಾಗಿ ಮಾಡಲು ಆಗುವುದೇ ಇಲ್ಲ. ಜೊತೆಗೆ ನಿಲ್ಲಬೇಕು, ಹೆಸರು ಗೊತ್ತಿರಬೇಕು, ಸಲ ಸಲ ಸಿಗಬೇಕು. ಆದ್ದರಿಂದ ಗುಟ್ಟನ್ನು ದೊಡ್ಡದು ಮಾಡಬೇಡಿ. "ನಾನು ಯಾರಿಗೂ ಹೇಳದೆ ಕೊಡುವವನು" ಅನ್ನುವ ಹೆಮ್ಮೆಯೂ ಒಳಗೊಳಗೇ ಚೆನ್ನಾಗಿ ಬೆಳೆಯುತ್ತದೆ.

ನಾನು ದಿನಾ ಅವರ ಪಕ್ಕದಲ್ಲೇ ಹೋಗುತ್ತೇನೆ, ನಿಲ್ಲುವುದಿಲ್ಲ. ನಾನು ಕಲ್ಲು ಮನಸ್ಸಿನವಳಾ?

ಬಹುಶಃ ಅವಸರದಲ್ಲಿದ್ದೀರಿ. 1973ರಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಡಾರ್ಲಿ ಮತ್ತು ಮೇಲೆ ಹೇಳಿದ ಬ್ಯಾಟ್ಸನ್, ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ಹುಡುಗರನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಿದರು. ದಾರಿಯಲ್ಲಿ ಒಬ್ಬರು ಬಾಗಿಲ ಹತ್ತಿರ ಕುಸಿದು ಕೂತು ಕೆಮ್ಮುತ್ತಿದ್ದರು. ಸಮಯ ಇದೆ ಅಂತ ಹೇಳಿ ಕಳಿಸಿದವರಲ್ಲಿ ಶೇಕಡಾ 63 ಜನ ಸಹಾಯಕ್ಕೆ ನಿಂತರು, ತಡವಾಯಿತು ಓಡು ಅನ್ನಿಸಿಕೊಂಡವರಲ್ಲಿ ಶೇಕಡಾ 10 ಮಾತ್ರ. ಆ ಎಲ್ಲ ಹುಡುಗರಲ್ಲಿ ಅರ್ಧದಷ್ಟು ಜನ ಮಾತಾಡಲು ಹೊರಟಿದ್ದು ದಾರಿಯಲ್ಲಿ ಬಿದ್ದವನನ್ನು ಎತ್ತಿದ, ಬೈಬಲ್ಲಿನ ಒಳ್ಳೆಯ ಸಮಾರಿಯದವನ ಕತೆಯ ಬಗ್ಗೆಯೇ. ಅದರಿಂದಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಹತ್ತು ನಿಮಿಷ ಮುಂಚೆ ಮನೆ ಬಿಟ್ಟು ನೋಡಿ.

ನಿಜ ಹೇಳಲಾ? ಅವರನ್ನು ನೋಡಿದರೆ ನನಗೆ ಏನೂ ಅನಿಸುವುದೇ ಇಲ್ಲ.

ಇದನ್ನು ಕೇಳಿದ ಹುಡುಗ ತಲೆತಗ್ಗಿಸಿಕೊಂಡು ಕೇಳಿದ್ದ. ಹೀಗಾಗುವುದು ಅವನೊಬ್ಬನಿಗೇ ಅಲ್ಲ. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ಲಸಾನಾ ಹ್ಯಾರಿಸ್ ಮತ್ತು ಸೂಸನ್ ಫಿಸ್ಕ್ ವಿದ್ಯಾರ್ಥಿಗಳಿಗೆ ಬೇರೆ ಬೇರೆ ಜನರ ಚಿತ್ರ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಬೇರೆಯವರ ಚಿತ್ರ ನೋಡಿದಾಗ "ಇದೊಬ್ಬ ಮನುಷ್ಯ, ಇವರಿಗೊಂದು ಮನಸ್ಸಿದೆ" ಅಂತ ಯೋಚಿಸುವ ಭಾಗ ಚುರುಕಾಗುತ್ತಿತ್ತು. ಮನೆಯಿಲ್ಲದವರ, ಮಾದಕ ವ್ಯಸನಿಗಳ ಚಿತ್ರ ಬಂದಾಗ ಅದು ಹಾಗೆ ಚುರುಕಾಗಲಿಲ್ಲ. ಓದಿದಾಗ ನನಗೆ ಹೊಟ್ಟೆ ತೊಳಸಿದ ಹಾಗಾಯಿತು.

ಆದರೆ ಅವರು ಮುಂದೆ ಇನ್ನೊಂದು ಮಾಡಿದರು. ಅದೇ ತರದ ಚಿತ್ರ ತೋರಿಸಿ "ಈ ಮನುಷ್ಯನಿಗೆ ಈ ತರಕಾರಿ ಇಷ್ಟ ಇರಬಹುದಾ?" ಅಂತ ಕೇಳಿದರು. ಅಷ್ಟೇ. ಆ ಭಾಗ ಮತ್ತೆ ಚುರುಕಾಯಿತು. ಇಷ್ಟ ಇದೆಯಾ ಇಲ್ವಾ ಅಂತ ಯೋಚಿಸಬೇಕಾದರೆ ಒಳಗೊಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳಲೇಬೇಕಲ್ಲ. ನಾನು ಆ ಹುಡುಗನಿಗೆ ಹೇಳಿದ್ದು ಇಷ್ಟೇ, ಕೊಡುವಾಗ ಎರಡು ಬಣ್ಣದ ಹೊದಿಕೆ ತಗೊಂಡು ಹೋಗು, ಯಾವುದು ಬೇಕು ಅಂತ ಕೇಳು. ಅವನು ವಾಪಸ್ ಬಂದು, "ಅಣ್ಣಾ, ನೀಲಿ ಬೇಡ, ಕೊಳೆ ಕಾಣುತ್ತೆ ಅಂದ್ರು" ಅಂದ. ಆ ವಾರದಿಂದ ಅವನು ತಪ್ಪದೆ ಬರುತ್ತಿದ್ದಾನೆ.

ದುಡ್ಡು ಕೊಟ್ಟರೆ ಕುಡಿದು ಹಾಳುಮಾಡುತ್ತಾರೆ, ಅಲ್ವಾ?

ಕೆಲವರು ಕುಡಿಯುತ್ತಾರೆ, ಮನೆ ಇರುವವರಲ್ಲೂ ಕೆಲವರು ಕುಡಿಯುತ್ತಾರೆ. ಕೆನಡಾದ ವ್ಯಾಂಕೂವರ್‌ನಲ್ಲಿ ಮನೆ ಕಳೆದುಕೊಂಡ 50 ಜನಕ್ಕೆ ಯಾವ ಷರತ್ತೂ ಇಲ್ಲದೆ ಒಂದೇ ಸಲ 7,500 ಡಾಲರ್ ಕೊಟ್ಟು ಒಂದು ವರ್ಷ ಗಮನಿಸಿದರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ದುಡ್ಡು ಸಿಗದವರಿಗೆ ಹೋಲಿಸಿದರೆ ಇವರು ವರ್ಷದಲ್ಲಿ 99 ದಿನ ಕಡಿಮೆ ಬೀದಿಪಾಲಾಗಿದ್ದರು, ಕುಡಿತ, ಸಿಗರೇಟಿನ ಖರ್ಚು ಜಾಸ್ತಿಯಾಗಿರಲಿಲ್ಲ. ತೀವ್ರ ವ್ಯಸನ ಇದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ ಅನ್ನುವುದನ್ನೂ ಹೇಳಬೇಕು, ಆದ್ದರಿಂದ ಎಲ್ಲರಿಗೂ ಇದೇ ಮಾತು ಹೊಂದುತ್ತದೆ ಅನ್ನಲಾರೆ. ಆದರೆ ಇವರು ಹೇಗೆ ಖರ್ಚು ಮಾಡಬಹುದು ಅಂತ ಹೊರಗಿನವರನ್ನು ಊಹಿಸಲು ಹೇಳಿದಾಗ ಜನ ನಿಜಕ್ಕಿಂತ ತುಂಬಾ ಕೆಟ್ಟದಾಗಿ ಊಹಿಸಿದ್ದರು.

ಒಂದು ಹೊದಿಕೆಯಿಂದ ಏನು ಬದಲಾಗುತ್ತದೆ?

ಆ ರಾತ್ರಿ ಬದಲಾಗುತ್ತದೆ. ಮನೆ ಇಲ್ಲದಿರುವುದು ಬದಲಾಗಬೇಕಾದರೆ ಮನೆಯೇ ಬೇಕು. 1992ರಲ್ಲಿ ಸ್ಯಾಮ್ ಸೆಂಬೆರಿಸ್ ಅನ್ನುವ ಮನಶ್ಶಾಸ್ತ್ರಜ್ಞ ನ್ಯೂಯಾರ್ಕ್‌ನಲ್ಲಿ ಮೊದಲು ಮನೆ ಕೊಡಿ, ಕುಡಿತ ಬಿಡಿಸುವುದು, ಔಷಧ ಕೊಡಿಸುವುದು ಆಮೇಲೆ ಅಂತ ಶುರು ಮಾಡಿದರು. ಫಿನ್ಲೆಂಡ್ 2008ರಿಂದ ಇಡೀ ದೇಶದಲ್ಲಿ ಈ ದಾರಿ ಹಿಡಿಯಿತು, ವರ್ಷಗಟ್ಟಲೆ ಮನೆಯಿಲ್ಲದೆ ಇದ್ದವರ ಸಂಖ್ಯೆ ಅಲ್ಲಿ ಬಹಳ ಇಳಿದಿದೆ. ಇದರಲ್ಲಿ ಕಣ್ಣೀರು ತರಿಸುವ ದೃಶ್ಯ ಯಾವುದೂ ಇಲ್ಲ. ಬಾಡಿಗೆ ಕರಾರು, ಬಜೆಟ್, ಬೀಗದ ಕೈ, ಇಷ್ಟೇ. ಯಾರೂ ವಿಡಿಯೋ ಮಾಡುವುದಿಲ್ಲ. ನಿಮಗೆ ನಿಜವಾಗಿ ಕಾಳಜಿ ಇದ್ದರೆ ಇಂಥದ್ದನ್ನು ಕೇಳುವ ಅರ್ಜಿಗೂ ಒಂದು ಸಹಿ ಹಾಕಿ.

ಕೊಟ್ಟರೆ ಬೇಡ ಅಂದರು. ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಬೇಜಾರಾಯಿತು.

ಆ ಬೇಜಾರನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು ನೋಡಿ. ನೀವು ಕೊಟ್ಟಿದ್ದಕ್ಕೆ ಏನೋ ವಾಪಸ್ ಬರಬೇಕಿತ್ತು, ಬರಲಿಲ್ಲ ಅಂತ ತಾನೆ ಅದು? ಕ್ಯಾಮೆರಾ ಇಲ್ಲದವರ ಕೈಯಲ್ಲೂ ಒಂದು ಕ್ಯಾಮೆರಾ ಇರುತ್ತದೆ, ಎದುರಿನವರ ಮುಖದಲ್ಲಿ ಕೃತಜ್ಞತೆ ಮೂಡುವುದನ್ನೇ ಕಾಯುತ್ತಿರುತ್ತದೆ. ಎಲ್ಲವನ್ನೂ ಕಳೆದುಕೊಂಡವರ ಹತ್ತಿರ ಬೇಡ ಅನ್ನುವ ಹಕ್ಕಾದರೂ ಉಳಿಯಲಿ ಬಿಡಿ.

ಹಿಂದೆ ನಾನೂ ಇಂಥ ವಿಡಿಯೋ ಹಾಕಿದ್ದೇನೆ. ಈಗ ಏನು ಮಾಡಲಿ?

ತೆಗೆದುಹಾಕಿ. ಕ್ಷಮೆ ಕೇಳುವ ಇನ್ನೊಂದು ವಿಡಿಯೋ ಬೇಡ. ಸಾಧ್ಯವಾದರೆ ಅವರನ್ನೇ ಹೋಗಿ ನೋಡಿ.

ನಾನು ಹೋಗಿದ್ದೆ. ಫೋಟೋ ಅಳಿಸಿ, ಕಳಿಸಿದವರಿಗೂ ಅಳಿಸಲು ಹೇಳಿ, ಮುಂದಿನ ವಾರ ಆ ಮೆಟ್ಟಿಲ ಹತ್ತಿರ ಹೋದೆ. ನಾನು ಬಗ್ಗುತ್ತಿದ್ದ ಹಾಗೆ ಅಜ್ಜ ಎದ್ದು ಕೂತು ಮತ್ತೆ ಕೂದಲು ಸರಿಮಾಡಿಕೊಳ್ಳಲು ಶುರು ಮಾಡಿದರು. ಫೋಟೋ ಇಲ್ಲ ಅಜ್ಜಾ, ಅವತ್ತು ತೆಗೆದಿದ್ದೂ ತಪ್ಪಾಯಿತು ಅಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಹಂಗಾದ್ರೆ ಕೂತ್ಕೋ" ಅಂತ ಪಕ್ಕಕ್ಕೆ ಸರಿದರು. ಏನಾದರೂ ಬೇಕಾ ಅಂತ ಕೇಳಿದೆ. ಹೊದಿಕೆ ನಾಲ್ಕಿವೆ, ಒಂದರ ಮೇಲೊಂದು ಹಾಸಿಕೊಂಡು ಮಲಗುತ್ತೇನೆ ಅಂದರು. ಆಮೇಲೆ ತಲೆದಿಂಬಿನ ಹಾಗೆ ಇಟ್ಟುಕೊಂಡಿದ್ದ ಗಂಟು ಬಿಚ್ಚಿ ತೋರಿಸಿದರು. ಗುರುತಿನ ಚೀಟಿ, ಯಾವುದೋ ಹಳೆಯ ಸರ್ಟಿಫಿಕೇಟು, ಆಸ್ಪತ್ರೆಯ ಚೀಟಿಗಳು, ಎಲ್ಲ ಮಳೆಗೆ ನೆನೆದು ಒಂದಕ್ಕೊಂದು ಅಂಟಿಕೊಂಡಿದ್ದವು. ಮೂರು ವರ್ಷದಿಂದ ಹೊದಿಕೆ ಕೊಡುತ್ತಿದ್ದೆವು, ಯಾರೂ ಇದನ್ನು ಕೇಳಿರಲಿಲ್ಲ.

ಮಾರನೆಯ ದಿನ ಝಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲ ತಗೊಂಡು ಹೋದೆ. ಅವರು ಒಂದೊಂದೇ ಕಾಗದ ಬಿಡಿಸಿ, ಅಂಗಿಯಿಂದ ಒರೆಸಿ, ತಾವೇ ಒಳಗಿಟ್ಟರು. ಫೋನಿನ ಲೈಟನ್ನು ನಾನು ಕಾಗದದ ಮೇಲೆ ಹಿಡಿದಿದ್ದೆ.